ಸಾರ್ವಭೌಮತ್ವಕ್ಕೆ ಪಟ್ಟಾ ಇಲ್ಲ

ಕಳೆದ ವಾರ ತಿದ್ದಲು ಬಂದ ಕರಡಚ್ಚೊಂದರಲ್ಲಿ ‘ಸಾರ್ವಭೌಮತ್ವ’ ಒಂಬತ್ತು ಸಲ ಇತ್ತು. ಲೇಖನ ಭಾರತ, ಶ್ರೀಲಂಕಾಗಳ ನಡುವಿನ ಕಚ್ಚತೀವು ದ್ವೀಪದ ಕುರಿತದ್ದು. ಒಂಬತ್ತರಲ್ಲಿ ಏಳು ಕಡೆ ಲೇಖಕರು ಹೇಳಹೊರಟಿದ್ದು ಒಡೆತನವನ್ನು. ಒಂದು ಕಡೆ ಬಲೆ ಒಣಗಿಸುವ ಹಕ್ಕನ್ನೂ ಸಾರ್ವಭೌಮತ್ವ ಎಂದಿದ್ದರು. ‘ರಾಮನಾಡಿನ ರಾಜರ ಬಳಿ ದ್ವೀಪದ ಸಾರ್ವಭೌಮತ್ವದ ಪಟ್ಟಾ ಇತ್ತು’ ಎಂಬ ಸಾಲಿಗೆ ಬಂದಾಗ ಕೆಂಪು ಪೆನ್ನು ಕೆಳಗಿಟ್ಟು ಕಾಫಿಗೆ ಎದ್ದುಹೋದೆ. ಪಟ್ಟಾ ಜಮೀನಿಗೆ ಇರುತ್ತದೆ. ಸಾರ್ವಭೌಮತ್ವಕ್ಕೆ ಪಟ್ಟಾ ಬರೆದುಕೊಡಲು ಯಾವ ತಹಶೀಲ್ದಾರರು ಕುಳಿತಿದ್ದಾರೆ?

ಪದದ ಹುಟ್ಟನ್ನು ನೋಡಿದರೆ ಈ ಗೊಂದಲ ಇನ್ನಷ್ಟು ತಮಾಷೆಯಾಗಿ ಕಾಣುತ್ತದೆ. ಪಾಣಿನಿ ಒಂದು ಸೂತ್ರದಲ್ಲಿ ‘ಸರ್ವಭೂಮಿ’, ‘ಪೃಥಿವೀ’ ಎಂಬೆರಡು ಪದಗಳನ್ನು ಜೊತೆಗೆ ಹಿಡಿದು ಪ್ರತ್ಯಯ ಹೇಳುತ್ತಾನೆ. ಅದರ ಬೆನ್ನಿಗೇ ‘ತಸ್ಯೇಶ್ವರಃ’ ಎಂಬ ಸೂತ್ರ. ಅದರ ಒಡೆಯ ಎಂದರ್ಥ. ಪೃಥಿವಿಯ ಒಡೆಯ ಪಾರ್ಥಿವ, ಸರ್ವಭೂಮಿಯ ಒಡೆಯ ಸಾರ್ವಭೌಮ. ಇಂಥ ಪ್ರತ್ಯಯ ಸೇರಿದಾಗ ಸಾಮಾನ್ಯವಾಗಿ ಮೊದಲ ಸ್ವರಕ್ಕೆ ಮಾತ್ರ ವೃದ್ಧಿ. ಇಲ್ಲಿ ಸಮಾಸದ ಎರಡೂ ಪದಗಳಿಗೆ ವೃದ್ಧಿಯಾಗಿದೆ: ಸರ್ವ ಎಂಬುದು ಸಾರ್ವವಾಯಿತು, ಭೂಮಿ ಎಂಬುದು ಭೌಮವಾಯಿತು. ಹೀಗಾಗಿ ಬ್ಯಾನರುಗಳಲ್ಲಿ ಕಾಣುವ ‘ಸರ್ವಭೌಮ’ ತಪ್ಪು. ‘ಸಾರ್ವಭೂಮ’ವಂತೂ ಅತ್ತಲೂ ಅಲ್ಲ, ಇತ್ತಲೂ ಅಲ್ಲ. ಅಮರಕೋಶ ಚಕ್ರವರ್ತಿ, ಸಾರ್ವಭೌಮ ಎರಡನ್ನೂ ಒಟ್ಟಿಗೆ ಇಟ್ಟು, ಉಳಿದ ಅರಸನನ್ನು ಮಂಡಲೇಶ್ವರ ಎಂದು ಪಕ್ಕಕ್ಕೆ ಕೂರಿಸುತ್ತದೆ. ಅದೇ ಕೋಶದ ದಿಗ್ಗಜಗಳ ಪಟ್ಟಿಯಲ್ಲೂ ಸಾರ್ವಭೌಮನಿದ್ದಾನೆ. ಅವನು ಉತ್ತರ ದಿಕ್ಕಿನ ಆನೆ.

ಇಡೀ ಭೂಮಿಯನ್ನು ಹೊತ್ತುಕೊಂಡು ಹುಟ್ಟಿದ ಈ ಪದ ಇಂದು ಸುಮಾರು 285 ಎಕರೆಯ, ಕುಡಿಯುವ ನೀರಿಲ್ಲದ ದ್ವೀಪದ ಮೇಲೆ ಬಂದು ಕುಳಿತಿದೆ. ನಡುವೆ ಅರ್ಥ ತಿರುಗಿರುವುದನ್ನು ಗಮನಿಸಬೇಕು. ಹಳೆಯ ಸಾರ್ವಭೌಮನ ಕೆಳಗೆ ಎಲ್ಲರೂ ಇರಬೇಕಿತ್ತು. ಇಂದಿನ ಸಾರ್ವಭೌಮ ರಾಷ್ಟ್ರದ ಮೇಲೆ ಯಾರೂ ಇಲ್ಲದಿದ್ದರೆ ಸಾಕು. ಹಳೆಯ ಅರ್ಥದಲ್ಲಿ ಜಗತ್ತಿಗೆ ಒಬ್ಬನೇ ಸಾರ್ವಭೌಮ, ಹೊಸ ಅರ್ಥದಲ್ಲಿ ಸಣ್ಣಪುಟ್ಟ ದೇಶಗಳೂ ಸಾರ್ವಭೌಮವೇ. ರಾಜ್ಯಶಾಸ್ತ್ರದ ಪಠ್ಯಗಳ ‘ಪರಮಾಧಿಕಾರ’ ನನಗೆ ಹೆಚ್ಚು ಹಿಡಿಸುತ್ತದೆ. ಆದರೆ ಸಂವಿಧಾನದ ಪ್ರಸ್ತಾವನೆಯ ಕನ್ನಡದಲ್ಲಿ ಸಾರ್ವಭೌಮ ನೆಲೆಯಾಗಿಬಿಟ್ಟಿದೆ, ಇನ್ನು ಎಬ್ಬಿಸಲಾಗದು.

ಗೊಂದಲದಲ್ಲಿ ಕನ್ನಡದ ಪಾಲೂ ಇದೆ. ನಮ್ಮ ‘ಒಡೆಯ’ ಮನೆಗೂ ಒಡೆಯ, ನಾಡಿಗೂ ಒಡೆಯ. ಮೈಸೂರನ್ನು ಆಳಿದವರ ಹೆಸರೇ ಒಡೆಯರ್. ಆಳುವುದಕ್ಕೂ ಹೊಂದುವುದಕ್ಕೂ ಒಂದೇ ಮಾತು ಬಳಸಿ ಬೆಳೆದ ಕಿವಿಗೆ ವ್ಯತ್ಯಾಸ ತಟ್ಟನೆ ಕೇಳಿಸದಿರುವುದು ಸಹಜ. ಆದರೂ ರಾಜ್‌ಕುಮಾರ್ ಅವರನ್ನು ನಟಸಾರ್ವಭೌಮ ಎಂದಾಗ, ಉಳಿದ ನಟರೆಲ್ಲ ಅವರ ಹೆಸರಿಗೆ ನೋಂದಣಿಯಾಗಿದ್ದಾರೆ ಎಂದು ಯಾರೂ ತಿಳಿಯಲಿಲ್ಲವಲ್ಲ!

ಬೆಂಗಳೂರಿನವರಿಗಂತೂ ಈ ಗೊಂದಲಕ್ಕೆ ರಿಯಾಯಿತಿ ಕೊಡಲಾರೆ. ಅವರ ಊರಿನಲ್ಲೇ ಉದಾಹರಣೆಯಿದೆ. 1881ರಲ್ಲಿ ಮೈಸೂರು ಸಂಸ್ಥಾನ ಒಡೆಯರಿಗೆ ಮರಳಿದಾಗ ದಂಡು ಪ್ರದೇಶ, ಅಂದರೆ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್, ಬ್ರಿಟಿಷ್ ರೆಸಿಡೆಂಟರ ಕೈಯಲ್ಲೇ ಉಳಿಯಿತು. ಕಬ್ಬನ್ ಪಾರ್ಕಿನ ಈಚೆ ಪೇಟೆಯಲ್ಲಿ ಮಹಾರಾಜರ ಆಡಳಿತ, ಆಚೆ ದಂಡಿನಲ್ಲಿ ರೆಸಿಡೆಂಟರ ಆಡಳಿತ. ಆದರೂ ದಂಡಿನ ನೆಲ ಮೈಸೂರಿನದೇ. ಅದು ಬ್ರಿಟಿಷ್ ಇಂಡಿಯಾದ ಭಾಗವಾಗಲಿಲ್ಲ. 1947ರಲ್ಲಿ ಅಧಿಕಾರ ಮೈಸೂರಿಗೆ ಹಿಂತಿರುಗಿತು. ಅಷ್ಟು ವರ್ಷ ಅಲ್ಲಿನ ಬಂಗಲೆಯ ಕ್ರಯಪತ್ರ ಯಾರೋ ಒಬ್ಬರ ಪೆಟ್ಟಿಗೆಯಲ್ಲಿತ್ತು, ಪೊಲೀಸು ಇನ್ನೊಬ್ಬರದಾಗಿತ್ತು, ನೆಲ ಮತ್ತೊಬ್ಬರದಾಗಿತ್ತು. ಒಡೆತನ, ಆಡಳಿತ, ಸಾರ್ವಭೌಮತ್ವ ಮೂರೂ ಒಂದೇ ರಸ್ತೆಯಲ್ಲಿ ಬೇರೆಬೇರೆಯಾಗಿ ಬಾಳಿದವು. (ಮಹಾರಾಜರ ಮೇಲೂ ಬ್ರಿಟಿಷ್ ಚಕ್ರಾಧಿಪತ್ಯವಿತ್ತು. ಅದನ್ನು ಎಳೆದರೆ ಲೇಖನ ಮುಗಿಯುವುದಿಲ್ಲ.)

ಇನ್ನು ಇಂಥ ವಾದಗಳಲ್ಲಿ ಬರುವ ‘ಐತಿಹಾಸಿಕ ಆಧಾರ’. ಇದು ‘ಬಹಳ ಹಳೆಯದು’ ಎಂಬುದರ ಇನ್ನೊಂದು ಹೆಸರಲ್ಲ. ನಿವೇಶನ ಕೊಂಡವರೆಲ್ಲರಿಗೂ ಗೊತ್ತು: ಖಾತಾ ಇದ್ದಮಾತ್ರಕ್ಕೆ, ಕಂದಾಯದ ರಸೀದಿ ಇದ್ದಮಾತ್ರಕ್ಕೆ ಒಡೆತನ ಸಾಬೀತಾಗುವುದಿಲ್ಲ, ಕ್ರಯಪತ್ರ ಬೇಕು, ಅದರ ಹಿಂದಿನ ಮೂಲಪತ್ರ ಬೇಕು. ದ್ವೀಪ ಯಾವ ದೇಶದ್ದು ಎಂಬ ಮೊಕದ್ದಮೆಯಲ್ಲಿ ಲೆಕ್ಕ ತಲೆಕೆಳಗು. ಅಲ್ಲಿ ಹಳೆಯ ಮೂಲಪತ್ರಕ್ಕಿಂತ ಕಂದಾಯದ ರಸೀದಿಗೇ ತೂಕ ಹೆಚ್ಚು. ಕಟ್ಟಿದವನ ಕಾರಣಕ್ಕಲ್ಲ, ಕಟ್ಟಿಸಿಕೊಂಡವನ ಕಾರಣಕ್ಕೆ.

ಇಂಗ್ಲೆಂಡ್ ಮತ್ತು ಫ್ರಾನ್ಸ್ ನಡುವಿನ ಮಿಂಕಿಯೆ, ಎಕ್ರೆಹೊ ಎಂಬ ಬಂಡೆದ್ವೀಪಗಳ ವ್ಯಾಜ್ಯದಲ್ಲಿ ಎರಡೂ ಕಡೆಯವರು ಮಧ್ಯಯುಗದ ದಾನಶಾಸನ, ಒಪ್ಪಂದಗಳನ್ನು ಹೊತ್ತು ತಂದರು. ಅಂತರರಾಷ್ಟ್ರೀಯ ನ್ಯಾಯಾಲಯ 1953ರಲ್ಲಿ ಅವನ್ನೆಲ್ಲ ಓದಿ ಬದಿಗಿಟ್ಟು ಬೇರೆಯದನ್ನೇ ಕೇಳಿತು. ಅಲ್ಲಿ ಗುಂಡು ಹಾರಿಸಿದವನನ್ನು ವಿಚಾರಣೆಗೆ ಎಳೆದ ಕೋರ್ಟು ಯಾವುದು? ದಡಕ್ಕೆ ಬಂದ ಹೆಣದ ಮಹಜರು ಬರೆದವರು ಯಾರು? ಅಲ್ಲಿನ ಮನೆಗಳಿಗೆ ತೆರಿಗೆ ಹಾಕಿದವರು ಯಾರು? ಉತ್ತರ ಜೆರ್ಸಿ ದ್ವೀಪದ ಅಧಿಕಾರಿಗಳು, ಆದ್ದರಿಂದ ಬ್ರಿಟನ್. ಇದಕ್ಕೂ ಮೊದಲು ಫಿಲಿಪ್ಪೀನ್ಸ್ ಬಳಿಯ ಪಾಲ್ಮಾಸ್ ದ್ವೀಪದ ವಿಷಯದಲ್ಲಿ ಸ್ಪೇನ್ ಮೊದಲು ಕಂಡದ್ದು, ಸ್ಪೇನಿನಿಂದ ತನಗೆ ಬಂದದ್ದು ಎಂದು ಅಮೆರಿಕ ವಾದಿಸಿತ್ತು. 1906ರಲ್ಲಿ ಅದರ ಅಧಿಕಾರಿ ಅಲ್ಲಿಗಿಳಿದಾಗ ಹಾರುತ್ತಿದ್ದದ್ದು ಡಚ್ಚರ ಬಾವುಟ. 1928ರಲ್ಲಿ ಮಧ್ಯಸ್ಥ ಮ್ಯಾಕ್ಸ್ ಹ್ಯೂಬರ್, ಕಂಡದ್ದು ಅರೆಬೆಂದ ಹಕ್ಕು, ಶಾಂತವಾಗಿ ಎಡೆಬಿಡದೆ ಅಧಿಕಾರ ನಡೆಸಿದ್ದೇ ಹಕ್ಕು ಎಂದು ಡಚ್ಚರ ಪರ ತೀರ್ಪಿತ್ತರು.

ನನ್ನ ಮೆಚ್ಚಿನ ಪ್ರಕರಣ ಪೆಡ್ರಾ ಬ್ರಾಂಕಾ. ಸಿಂಗಪುರ ಜಲಸಂಧಿಯ ಪೂರ್ವ ಬಾಗಿಲಲ್ಲಿ, 1851ರಿಂದ ದೀಪಸ್ತಂಭವೊಂದನ್ನು ಹೊತ್ತ ಬಂಡೆ, ಉದ್ದ 137 ಮೀಟರ್. ಮೂಲತಃ ಅದು ಜೋಹೋರ್ ಸುಲ್ತಾನರದು ಎಂಬುದನ್ನು ನ್ಯಾಯಾಲಯವೂ ಒಪ್ಪಿತು. 1953ರಲ್ಲಿ ಸಿಂಗಪುರದ ಅಧಿಕಾರಿಗಳು ಈ ಬಂಡೆಯ ಸ್ಥಿತಿಗತಿ ಏನೆಂದು ಜೋಹೋರಿಗೆ ಪತ್ರ ಬರೆದರು. ಅಲ್ಲಿನ ಹಂಗಾಮಿ ಕಾರ್ಯದರ್ಶಿ, ಜೋಹೋರ್ ಸರ್ಕಾರ ಇದರ ಒಡೆತನ ಕೇಳುವುದಿಲ್ಲ ಎಂದು ಉತ್ತರಿಸಿದರು. ಮೊಕದ್ದಮೆ ನಡೆದಾಗ, ಜೋಹೋರ್ ಈಗ ಸೇರಿರುವ ಮಲೇಷ್ಯಾ, ‘ಬಿಟ್ಟದ್ದು ಒಡೆತನವನ್ನು, ಸಾರ್ವಭೌಮತ್ವವನ್ನಲ್ಲ’ ಎಂದು ವಾದಿಸಿತು. ನನ್ನದೇ ವಾದ! ತತ್ತ್ವದಲ್ಲಿ ಎರಡೂ ಬೇರೆ ಎಂದು ನ್ಯಾಯಾಲಯ ಒಪ್ಪಿತು. ಆದರೆ ಪ್ರಶ್ನೆ ಸಾರ್ವಭೌಮತ್ವದ್ದಾಗಿದ್ದರಿಂದ ಉತ್ತರವನ್ನೂ ಹಾಗೆಯೇ ಓದಬೇಕು ಎಂದಿತು. ಆಮೇಲಿನ ವರ್ಷಗಳ ನಡೆಯೂ ಅದಕ್ಕೆ ಹೊಂದುತ್ತಿತ್ತು. 2008ರಲ್ಲಿ ಬಂಡೆ ಸಿಂಗಪುರಕ್ಕೆ ಹೋಯಿತು. ಪದ ಸಡಿಲವಾಗಿ ಬಳಸಿದರೆ ಏನಾಗುತ್ತದೆ ಎಂದು ಕೇಳುವವರಿಗೆ ನಾನು ಕೊಡುವ ಉತ್ತರ ಇದು.

ಕರಡಚ್ಚಿಗೆ ಮರಳುತ್ತೇನೆ. ಕಚ್ಚತೀವು ರಾಮನಾಡಿನ ಜಮೀನ್ದಾರಿಗೆ ಸೇರಿತ್ತು ಎಂಬುದು ಭಾರತದ ಕಡೆಯ ಹಳೆಯ ವಾದ. ಜಮೀನ್ದಾರರು ಸಾರ್ವಭೌಮರಲ್ಲ. ಆ ದಾಖಲೆ ಒಡೆತನವನ್ನು ಹೇಳುತ್ತದೆ. ದ್ವೀಪದ ಮೇಲೆ ಮದ್ರಾಸಿನ ಅಧಿಕಾರ ನಡೆದಿತ್ತು ಎಂಬುದಕ್ಕೆ ಸಾಕ್ಷಿಯಾಗಿ ಅದನ್ನು ಮಂಡಿಸಬಹುದು, ಅದೇ ಸಾರ್ವಭೌಮತ್ವವಾಗದು. 1974ರ ಒಪ್ಪಂದದ ರೇಖೆಯಿಂದ ದ್ವೀಪ ಶ್ರೀಲಂಕಾದ ಕಡೆಗೆ ಬಿತ್ತು. ಭಾರತದ ಮೀನುಗಾರರಿಗೂ ಯಾತ್ರಿಕರಿಗೂ ವೀಸಾ ಇಲ್ಲದೆ ಅಲ್ಲಿಗೆ ಹೋಗುವ ಅವಕಾಶ ಉಳಿಯಿತು. ಸಂತ ಅಂತೋಣಿಯ ಹಬ್ಬಕ್ಕೆ ರಾಮೇಶ್ವರದಿಂದ ದೋಣಿಗಳು ಹೋಗುವುದು ಆ ಹಕ್ಕಿನಿಂದ. ‘ಬಿಟ್ಟುಕೊಟ್ಟರು’ ಎಂಬ ಕ್ರಿಯಾಪದದ ಮೇಲೆಯೇ ದೊಡ್ಡ ಜಗಳವಿದೆ. ನೆಲ ಬಿಟ್ಟುಕೊಡಲು ಸಂವಿಧಾನ ತಿದ್ದುಪಡಿ ಬೇಕೆಂದು 1960ರ ಬೇರುಬಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಗಡಿಯೇ ನಿಗದಿಯಾಗಿರದ ಜಾಗವನ್ನು ಬಿಟ್ಟುಕೊಟ್ಟಂತಾಗುವುದಿಲ್ಲ ಎಂಬುದು ಕೇಂದ್ರ ಸರ್ಕಾರ ನ್ಯಾಯಾಲಯದಲ್ಲಿ ತಳೆದ ನಿಲುವು.

ಏಳು ಕಡೆ ‘ಒಡೆತನ’ ಎಂದು ತಿದ್ದಿದೆ, ಬಲೆ ಒಣಗಿಸುವಲ್ಲಿ ‘ಹಕ್ಕು’ ಎಂದೆ. ಉಳಿದದ್ದು ಒಂದು. ಅರ್ಥದಲ್ಲಿ ಸರಿಯಾಗಿದ್ದ ಆ ಒಂದೇ ಒಂದು ಕಡೆ ಲೇಖಕರು ‘ಸಾರ್ವಭೌಮತ್ವತೆ’ ಎಂದು ಬರೆದಿದ್ದರು. ‘ತೆ’ ಹೊಡೆದುಹಾಕಿ ಅಚ್ಚಿಗೆ ಕಳುಹಿಸಿದೆ.