ಇಂಗ್ಲಿಷಿನಲ್ಲಿ ವಿಭಕ್ತಿ ಎಲ್ಲಿ ಹೋಯಿತು?

ನನ್ನ ಸಂಜೆ ಕ್ಲಾಸಿಗೆ ಬರುವವರು ಹೆಚ್ಚಾಗಿ ದುಡಿಯುವ ಜನ. ನರ್ಸುಗಳು, ಮೆಡಿಕಲ್ ಶಾಪಿನ ಹುಡುಗರು, ಕ್ಯಾಬ್ ಓಡಿಸುವವರು. ಎಲ್ಲರಿಗೂ ರಜಾ ಅರ್ಜಿ ಬಾಯಿಪಾಠ. ‘ಆ್ಯಸ್ ಐ ಆ್ಯಮ್ ಸಫರಿಂಗ್ ಫ್ರಮ್ ಫೀವರ್’ ಅಂತ ಒಂದೇ ಉಸಿರಿಗೆ ಒಪ್ಪಿಸುತ್ತಾರೆ. ‘ನಿನ್ನೆ ಯಾಕೆ ಬರಲಿಲ್ಲ?’ ಅಂತ ಇಂಗ್ಲಿಷಿನಲ್ಲಿ ಕೇಳಿದರೆ ಮಾತ್ರ ಬಾಯಿ ಕಟ್ಟುತ್ತದೆ. ಪದ ಗೊತ್ತಿಲ್ಲ ಅಂತಲ್ಲ. ಫೀವರ್, ಯೆಸ್ಟರ್‌ಡೇ, ಕಮ್ ಎಲ್ಲ ಗೊತ್ತು. ಯಾವುದನ್ನು ಎಲ್ಲಿಡಬೇಕು ಅನ್ನುವುದೇ ತೊಡಕು.

ಹಾಗಾಗಿ ಮೊದಲ ದಿನ ನಾನು ಟೆನ್ಸ್ ಪಟ್ಟಿ ಬರೆಯುವುದಿಲ್ಲ. ಬೋರ್ಡಿನ ಮೇಲೆ ಒಂದು ಕನ್ನಡ ವಾಕ್ಯ ಬರೆಯುತ್ತೇನೆ: ‘ನಾಯಿ ಹುಡುಗನನ್ನು ಕಚ್ಚಿತು.’ ಇದನ್ನು ಹಿಂದುಮುಂದು ಮಾಡಿ ಅನ್ನುತ್ತೇನೆ. ‘ಹುಡುಗನನ್ನು ನಾಯಿ ಕಚ್ಚಿತು’, ‘ಕಚ್ಚಿತು ನಾಯಿ ಹುಡುಗನನ್ನು’. ಹೇಗೆ ತಿರುಗಿಸಿದರೂ ಕಚ್ಚಿದ್ದು ನಾಯಿಯೇ. ಹುಡುಗನಿಗೆ ‘ಅನ್ನು’ ಅಂಟಿಕೊಂಡಿದೆಯಲ್ಲ, ಎಲ್ಲಿ ಕೂತರೂ ಅವನು ಕಚ್ಚಿಸಿಕೊಂಡವನೇ.

ಈಗ ‘ದ ಡಾಗ್ ಬಿಟ್ ದ ಬಾಯ್’. ಡಾಗ್, ಬಾಯ್ ಎರಡನ್ನೂ ಅದಲುಬದಲು ಮಾಡಿ ನೋಡಿ. ಪಾಪ, ನಾಯಿಗೆ ಇಂಜೆಕ್ಷನ್ ಹಾಕಿಸಬೇಕಾಗುತ್ತದೆ! ಪದಗಳ ಮೇಲೆ ಯಾವ ಗುರುತೂ ಇಲ್ಲ. ಕ್ರಿಯಾಪದಕ್ಕಿಂತ ಮೊದಲು ಕೂತವರು ಕರ್ತೃ, ಆಮೇಲೆ ಕೂತವರು ಕರ್ಮ. ಶಾಲೆಯಲ್ಲಿ ‘ಉ, ಅನ್ನು, ಇಂದ, ಗೆ, ಕ್ಕೆ’ ಅಂತ ರಾಗವಾಗಿ ಹೇಳುತ್ತಿದ್ದೆವು, ಅಲ್ವಾ? ಅದರಲ್ಲಿ ಮೊದಲೆರಡರ ಕೆಲಸವನ್ನು ಇಂಗ್ಲಿಷಿನಲ್ಲಿ ಜಾಗವೇ ಮಾಡುತ್ತದೆ. ಉಳಿದದ್ದನ್ನು ಹೆಚ್ಚಾಗಿ ಟು, ಫ್ರಮ್, ಇನ್, ಆನ್ ನೋಡಿಕೊಳ್ಳುತ್ತವೆ. ಇವು ಪದದ ಕೊನೆಗೆ ಅಂಟುವುದಿಲ್ಲ, ಮೊದಲೇ ಬಂದು ನಿಲ್ಲುತ್ತವೆ. ‘ಮೇಜಿನ ಮೇಲೆ’ ಹೋಗಿ ‘ಆನ್ ದ ಟೇಬಲ್’ ಆಗುವುದು ಹೀಗೆ.

ಸಾವಿರ ವರ್ಷದ ಹಿಂದೆ ಇಂಗ್ಲಿಷಿಗೂ ನಮ್ಮ ಹಾಗೆ ವಿಭಕ್ತಿ ಇತ್ತು. ನಿಧಾನಕ್ಕೆ ಸವೆದುಹೋಯಿತು, ಪದಗಳ ಜಾಗ ಗಟ್ಟಿಯಾಯಿತು. ಹೀ–ಹಿಮ್, ಐ–ಮಿ ಇವೆಲ್ಲ ಆ ಕಾಲದ ಉಳಿಕೆ.

ಇನ್ನೊಂದು ತೊಡಕು. ನಾವು ‘ಬಂದೆ’, ‘ಬಂದಳು’, ‘ಬಂದರು’ ಅಂದರೆ ಸಾಕು, ಯಾರು ಅಂತ ಬಾಲವೇ ಹೇಳುತ್ತದೆ. ಇಂಗ್ಲಿಷಿನಲ್ಲಿ ಮೂರಕ್ಕೂ ‘ಕೇಮ್’ ಒಂದೇ. ಅದಕ್ಕೇ ಮೊದಲ ಕುರ್ಚಿಯಲ್ಲಿ, ಅಂದರೆ ಕರ್ತೃವಿನ ಜಾಗದಲ್ಲಿ, ಯಾರಾದರೂ ಕೂತಿರಬೇಕು. ಯಾರೂ ಇಲ್ಲದಿದ್ದರೂ! ‘ಇಟ್ ಈಸ್ ರೈನಿಂಗ್’ ಅಂದಾಗ ಆ ‘ಇಟ್’ ಯಾರು ಸಾರ್ ಅಂತ ಒಬ್ಬರು ಕೇಳಿದ್ದರು. ಯಾರೂ ಅಲ್ಲ, ಕುರ್ಚಿ ಖಾಲಿ ಬಿಡಬಾರದು ಅಂತ ಸುಮ್ನೆ ಕೂರಿಸಿದ ಗೊಂಬೆ ಅಂದೆ. ‘ನನಗೆ ಹಸಿವಾಗಿದೆ’ ಅನ್ನುವಾಗಲೂ ಅಷ್ಟೇ. ‘ನನಗೆ’ ಅಂತ ‘ಟು ಮಿ’ಯಿಂದ ಶುರು ಮಾಡಿದರೆ ದಾರಿ ತಪ್ಪುತ್ತದೆ. ‘ಐ’ಯನ್ನು ಕುರ್ಚಿಯಲ್ಲಿ ಕೂರಿಸಿ, ‘ಆ್ಯಮ್ ಹಂಗ್ರಿ’ ತಾನಾಗಿ ಬರುತ್ತದೆ.

ನಾನು ಅತಿ ಜಾಸ್ತಿ ತಿದ್ದುವ ತಪ್ಪು ‘ಐ ಡಿಡ್ ನಾಟ್ ವೆಂಟ್’. ನಿನ್ನೆಯ ಸಂಗತಿ, ಹಾಗಾಗಿ ವೆಂಟ್ ಅನ್ನುವುದು ಅವರ ಲೆಕ್ಕ. ನಾನು ರೂಲ್ ಹೇಳಲು ಹೋಗುವುದಿಲ್ಲ. ‘ಹೋದೆ’ಗೆ ‘ಇಲ್ಲ’ ಸೇರಿಸಿ ಅನ್ನುತ್ತೇನೆ. ‘ಹೋಗಲಿಲ್ಲ’ ಅನ್ನುತ್ತಾರೆ. ‘ಹೋದೆಲಿಲ್ಲ’ ಅಂತ ಯಾಕೆ ಅನ್ನಲಿಲ್ಲ? ಇಡೀ ಕ್ಲಾಸು ನಗುತ್ತದೆ. ನಾವೂ ‘ಹೋದೆ’ಯನ್ನು ಬಿಟ್ಟು ‘ಹೋಗು’ವಿಗೆ ವಾಪಸ್ ಬಂದೆವು, ನೋಡಿ. ಕಾಲವನ್ನು ‘ಲಿಲ್ಲ’ ಹೊತ್ತುಕೊಂಡಿತು. ಇಂಗ್ಲಿಷಿನಲ್ಲಿ ಆ ಹೊರೆ ‘ಡಿಡ್’ ತಲೆಯ ಮೇಲೆ. ಮತ್ತೆ ‘ವೆಂಟ್’ ಯಾಕೆ? ‘ಗೋ’ ಸಾಕು. ಪ್ರಶ್ನೆಗೂ ಅದೇ: ‘ಡಿಡ್ ಯೂ ಗೋ?’ ಹೀಗೆ ಕನ್ನಡದಿಂದ ಹೊರಟರೆ ಪಟ್ಟಿ ಉರು ಹೊಡೆದದ್ದಕ್ಕಿಂತ ಬೇಗ ತಲೆಗೆ ಹೋಗುತ್ತದೆ. ಕ್ಲಾಸಿನಲ್ಲಿ ಕನ್ನಡ ಮಾತಾಡಿದರೆ ದಂಡ ಅನ್ನುವ ಪದ್ಧತಿ ನನಗೆ ಯಾವತ್ತೂ ಅರ್ಥವಾಗಿಲ್ಲ.

ಉದ್ದ ವಾಕ್ಯಕ್ಕೆ ಹೆದರುವವರಿಗೆ ಒಂದು ಆಟ ಆಡಿಸುತ್ತೇನೆ. ‘ಮೈಸೂರಿನ ದೇವರಾಜ ಮಾರುಕಟ್ಟೆಯ ಹಣ್ಣಿನಂಗಡಿಯಲ್ಲಿ ಕೆಲಸ ಮಾಡುವ ಹುಡುಗ.’ ಇದನ್ನು ಕೊನೆಯಿಂದ ಬಿಚ್ಚುತ್ತಾ ಬನ್ನಿ. ಹುಡುಗ, ಕೆಲಸ, ಅಂಗಡಿ, ಮಾರುಕಟ್ಟೆ, ಮೈಸೂರು. ‘ದ ಬಾಯ್ ಹೂ ವರ್ಕ್ಸ್ ಇನ್ ಅ ಫ್ರೂಟ್ ಶಾಪ್ ಇನ್ ದೇವರಾಜ ಮಾರ್ಕೆಟ್ ಇನ್ ಮೈಸೂರು.’ ನಮ್ಮಲ್ಲಿ ಹುಡುಗ ಸಿಗಲು ಕೊನೆಯವರೆಗೆ ಕಾಯಬೇಕು. ಅವರಲ್ಲಿ ಅವನು ಬಾಗಿಲಲ್ಲೇ ನಿಂತಿರುತ್ತಾನೆ.

ಮೊನ್ನೆ ಒಬ್ಬ ನರ್ಸ್ ಒಂದು ದಿನ ತಪ್ಪಿಸಿಕೊಂಡು ಬಂದರು. ನಾನು ಕೇಳುವ ಮೊದಲೇ ‘ಐ ಡಿಡ್ ನಾಟ್ ಕಮ್ ಯೆಸ್ಟರ್‌ಡೇ ಸಾರ್, ಐ ಹ್ಯಾಡ್ ಫೀವರ್’ ಅಂದರು. ಫೀವರ್‌ಗಿಂತ ಮೊದಲು ಬರಬೇಕಾದ ಒಂದು ‘ಅ’ ಬಿಟ್ಟುಹೋಗಿತ್ತು. ತಿದ್ದಲಿಲ್ಲ. ‘ಅ’, ‘ದ’ಗಳ ಗೋಳು ಮುಂದಿನ ವಾರಕ್ಕೆ ಇರಲಿ.