ಬ್ಯಾಂಡ್ ಆನ್‌ಲೈನ್‌ನಲ್ಲಿ ರಿಹರ್ಸಲ್ ಮಾಡುವಾಗ ಯಾರೂ ಯಾರಿಗೂ ಕಾಯಬೇಡಿ

ಆನ್‌ಲೈನ್‌ನಲ್ಲೇ ಒಟ್ಟಿಗೆ ನುಡಿಸೋಣ ಅಂತ ಹೊರಟ ಬ್ಯಾಂಡ್‌ಗಳು ಮೊದಲು ತೆರೆಯುವುದು ವಿಡಿಯೋ ಮೀಟಿಂಗ್ ಆ್ಯಪ್. ಎರಡು ಸಾಲು ಮುಗಿಯುವಷ್ಟರಲ್ಲಿ ಎತ್ತು ಏರಿಗೆ, ಕೋಣ ನೀರಿಗೆ. "ನಮ್ಮ ಇಂಟರ್ನೆಟ್ ಸರಿ ಇಲ್ಲ" ಅಂತ ಎಲ್ಲರೂ ಕೈಬಿಡುತ್ತಾರೆ. ಬ್ಯಾಂಡ್‌ಗಳಿಗೆ ಸೌಂಡ್ ಹೊಂದಿಸಿ ಕೊಡುವುದು ನನ್ನ ಕೆಲಸ. ಹಾಗಾಗಿ ಈ ಮಾತು ನನಗೆ ತುಂಬಾ ಪರಿಚಿತ. ಬಹಳಷ್ಟು ಸಲ ಇಂಟರ್ನೆಟ್ ಚೆನ್ನಾಗಿಯೇ ಇರುತ್ತದೆ.

ಮೀಟಿಂಗ್ ಆ್ಯಪ್‌ಗಳನ್ನು ಮಾಡಿರುವುದು ಮಾತಿಗಾಗಿ. ಒಬ್ಬರ ದನಿ ಬಂದರೆ ಉಳಿದವರದನ್ನು ತಗ್ಗಿಸುತ್ತವೆ. ಒಂದೇ ಸಮನೆ ಬರುವ ಸದ್ದನ್ನು ಗದ್ದಲ ಅಂತ ಅಳಿಸುತ್ತವೆ. ಫ್ಯಾನ್ ಸದ್ದು, ಎಳೆದು ಹಿಡಿದ ಕೀಬೋರ್ಡ್ ಸ್ವರ ಎರಡೂ ಅವಕ್ಕೆ ಒಂದೇ. ಸದ್ದು 100 ಮಿಲಿಸೆಕೆಂಡ್‌ಗಿಂತ ತಡವಾಗಿ ತಲುಪಿದರೂ ಮಾತಾಡುವವರಿಗೆ ಗೊತ್ತಾಗುವುದಿಲ್ಲ. ತಾಳಕ್ಕೆ ಅಷ್ಟು ತಡ ಆಗಿಬರುವುದಿಲ್ಲ.

ಹಾಗಾದರೆ ಎಷ್ಟು ತಡ ಆಗಬಹುದು? ಗಾಳಿಯಲ್ಲಿ ಸದ್ದು ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಹೋಗುತ್ತದೆ. ಡ್ರಮ್‌ನಿಂದ 3 ಮೀಟರ್ ದೂರ ನಿಂತವರಿಗೆ ಅದು 9 ಮಿಲಿಸೆಕೆಂಡ್ ತಡವಾಗಿಯೇ ಕೇಳುವುದು. 10 ಮೀಟರ್ ಅಗಲದ ವೇದಿಕೆಯ ಎರಡು ತುದಿಗಳ ನಡುವೆ 29. ಅಂದರೆ ಸ್ವಲ್ಪ ತಡದ ಜೊತೆ ನುಡಿಸುವುದು ನಿಮಗೆ ಈಗಾಗಲೇ ಅಭ್ಯಾಸವಿದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಕ್ರಿಸ್ ಚೇಫ್ ಮತ್ತು ಸಂಗಡಿಗರು ಇಬ್ಬರನ್ನು ಬೇರೆ ಬೇರೆ ಕೋಣೆಗಳಲ್ಲಿ ಕೂರಿಸಿ, ನಡುವಿನ ತಡವನ್ನು ಹೆಚ್ಚು ಕಡಿಮೆ ಮಾಡುತ್ತಾ ಚಪ್ಪಾಳೆ ತಟ್ಟಿಸಿ ನೋಡಿದ್ದರು. ತಡ ಜಾಸ್ತಿಯಾದರೆ ವೇಗ ಇಳಿಯಿತು. ತೀರಾ ಕಡಿಮೆಯಾದರೆ ವೇಗ ಏರಿತು! 10ರಿಂದ 20 ಮಿಲಿಸೆಕೆಂಡ್ ಆಸುಪಾಸಿನಲ್ಲಿ ಲಯ ಚೆನ್ನಾಗಿ ನಿಂತಿತು. ರಿಹರ್ಸಲ್‌ಗೆ ನಾನು ಇಟ್ಟುಕೊಂಡಿರುವ ಗಡಿ, ಒಬ್ಬರಿಂದ ಇನ್ನೊಬ್ಬರಿಗೆ 25ರಿಂದ 30.

ಈ 30 ಮಿಲಿಸೆಕೆಂಡ್ ಎಲ್ಲೆಲ್ಲಿ ಖರ್ಚಾಗುತ್ತದೆ ನೋಡಿ. ಗಿಟಾರ್ ತಂತಿ ಮೀಟಿದಿರಿ. ಆಡಿಯೋ ಇಂಟರ್‌ಫೇಸ್ (ವಾದ್ಯದ ಸದ್ದನ್ನು ಕಂಪ್ಯೂಟರಿಗೆ ಅಂಕಿಗಳಾಗಿ ಕೊಡುವ ಪೆಟ್ಟಿಗೆ) ಸೆಕೆಂಡಿಗೆ 48,000 ಸ್ಯಾಂಪಲ್, ಅಂದರೆ ಸದ್ದಿನ ಅಳತೆ, ತೆಗೆದುಕೊಳ್ಳುತ್ತಿದ್ದು, ಅವು ಒಟ್ಟುಗೂಡುವ ಬಫರ್ 128 ಸ್ಯಾಂಪಲ್ ಇದ್ದರೆ, ಅದು ತುಂಬುವುದಕ್ಕೇ 2.7 ಮಿಲಿಸೆಕೆಂಡ್ ಬೇಕು. ಆಮೇಲೆ ಫೈಬರ್. ಅದರಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಹೋಗುತ್ತದೆ, ಹಾಗಾಗಿ ನೇರ ದಾರಿಯಲ್ಲಿ 1,000 ಕಿಲೋಮೀಟರಿಗೆ 5 ಮಿಲಿಸೆಕೆಂಡ್. ದಾರಿ ಎಂದೂ ನೇರ ಇರುವುದಿಲ್ಲ, ಅದಕ್ಕೊಂದಿಷ್ಟು ಸೇರಿಸಿ. ಆ ಕಡೆ, ಹಿಂದೆಮುಂದೆ ಬರುವ ಪ್ಯಾಕೆಟ್‌ಗಳನ್ನು (ಸದ್ದಿನ ತುಣುಕುಗಳನ್ನು) ಸಾಲಾಗಿ ನಿಲ್ಲಿಸುವ ಜಿಟರ್ ಬಫರ್ ಇನ್ನಷ್ಟು ತಿನ್ನುತ್ತದೆ. ಕೊನೆಗೆ ಕೇಳುವವರ ಇಂಟರ್‌ಫೇಸ್ ತನ್ನ ಪಾಲು ತೆಗೆದುಕೊಳ್ಳುತ್ತದೆ. ಇಷ್ಟೆಲ್ಲಾ ಸೇರಿದರೂ ಒಳ್ಳೆಯ ಸಂಪರ್ಕ ಇರುವ ಕೆಲವು ನೂರು ಕಿಲೋಮೀಟರ್ ಅಂತರದ ಮನೆಗಳು 30ರೊಳಗೆ ಬರಬಹುದು.

ಇದನ್ನೆಲ್ಲ ಒಂದೇ ಏಟಿಗೆ ಹಾಳು ಮಾಡುವುದು ಕೋಣೆಯೊಳಗಿನ ಸಾಮಾನು. ಬ್ಲೂಟೂತ್ ಹೆಡ್‌ಫೋನ್ ಒಂದೇ 100 ಮಿಲಿಸೆಕೆಂಡ್ ದಾಟಿಸಿಬಿಡಬಹುದು. ನಾನು ಮೊದಲು ಕೇಳುವ ಪ್ರಶ್ನೆಯೇ ಅದು: "ಕಿವಿಗೆ ಏನು ಹಾಕಿದ್ದೀರಿ?" ವೈರ್ ಇರುವ ಹೆಡ್‌ಫೋನ್ ಹಾಕಿ. ಲ್ಯಾಪ್‌ಟಾಪ್‌ನ ಒಳಗಿನ ಸೌಂಡ್ ಕಾರ್ಡ್ ಬಿಟ್ಟು ಸಾಧಾರಣ ಯುಎಸ್‌ಬಿ ಇಂಟರ್‌ಫೇಸ್ ಬಳಸಿ. ವಿಂಡೋಸ್ ಆದರೆ ಆ ಇಂಟರ್‌ಫೇಸ್ ತಯಾರಿಸಿದವರೇ ಕೊಡುವ ಎಎಸ್‌ಐಒ ಡ್ರೈವರ್ (ಸದ್ದಿನ ತಡ ಕಡಿಮೆ ಮಾಡುವ ತಂತ್ರಾಂಶ) ಹಾಕಿಕೊಳ್ಳಿ. ಬಫರ್ 128ರಲ್ಲಿ ಶುರು ಮಾಡಿ, ಸದ್ದು ಚಟಪಟ ಅನ್ನದಿದ್ದರೆ 64ಕ್ಕೆ ಇಳಿಸಿ.

ವೈಫೈ ಬಗ್ಗೆ ಜನ ನನ್ನ ಜೊತೆ ವಾದ ಮಾಡುತ್ತಾರೆ. "ಸ್ಪೀಡ್ 200 ಎಂಬಿಪಿಎಸ್ ಬರ್ತಿದೆ ಅಲ್ವಾ?" ಬರುತ್ತಿರಬಹುದು. ಸಂಗೀತ ಕಳಿಸಲು ಅಷ್ಟು ಬೇಕಾಗಿಯೇ ಇಲ್ಲ. ಬೇಕಿರುವುದು ಪ್ಯಾಕೆಟ್‌ಗಳು ಒಂದೇ ಅಂತರದಲ್ಲಿ ಬರುವುದು. ತಡವಾಗಿ ಬಂದ ಪ್ಯಾಕೆಟ್ ಇಲ್ಲಿ ಬಾರದೇ ಹೋದ ಪ್ಯಾಕೆಟ್‌ಗೆ ಸಮ, ಅದರ ಜಾಗದಲ್ಲಿ ಸದ್ದು ಮುರಿದಿರುತ್ತದೆ. ಎಲ್ಲರ ಸದ್ದೂ ಹೋಗಿ ಸೇರುವ ಸರ್ವರ್‌ಗೆ ಒಂದೆರಡು ನಿಮಿಷ ಪಿಂಗ್ (ಹೋಗಿ ಬರಲು ಎಷ್ಟು ಮಿಲಿಸೆಕೆಂಡ್ ಅಂತ ಅಳೆಯುವ ಪರೀಕ್ಷೆ) ಓಡಿಸಿ ಅಂಕಿಗಳನ್ನು ನೋಡಿ. 14, 15, 14, 14 ಅಂತ ಬಂದರೆ ಖುಷಿಯಾಗಿ ನುಡಿಸಬಹುದು. 8, 9, 41, 8 ಅಂತ ಬಂದರೆ ಆಗುವುದಿಲ್ಲ, ಆ 41ರಿಂದ ಪಾರಾಗಲು ಜಿಟರ್ ಬಫರ್ ಹಿಗ್ಗಿಸಬೇಕಾಗುತ್ತದೆ. ರೂಟರ್‌ನಿಂದ ಕೇಬಲ್ ಎಳೆದರೆ ಈ ಕುಣಿತ ಬಹುಮಟ್ಟಿಗೆ ನಿಲ್ಲುತ್ತದೆ. ಕೇಬಲ್ ಹಾಕಿದ ಮೇಲೂ ನಡುನಡುವೆ ಅಂಕಿ ಜಿಗಿದರೆ, ಮನೆಯಲ್ಲಿ ಯಾರದೋ ಫೋನ್ ಫೋಟೋ ಬ್ಯಾಕಪ್ ಕಳಿಸುತ್ತಿದೆಯಾ ನೋಡಿ.

ಸಾಫ್ಟ್‌ವೇರ್ ವಿಷಯ ಚಿಕ್ಕದು. ಜಾಮ್ಯುಲಸ್, ಜ್ಯಾಕ್‌ಟ್ರಿಪ್, ಸೋನೋಬಸ್ ಮೂರೂ ಇದಕ್ಕಾಗಿಯೇ ಮಾಡಿದವು. ಜ್ಯಾಕ್‌ಟ್ರಿಪ್ ಹುಟ್ಟಿದ್ದು ಸ್ಟ್ಯಾನ್‌ಫರ್ಡ್‌ನಲ್ಲೇ, ಸದ್ದನ್ನು ಕುಗ್ಗಿಸದೆ ಕಳಿಸುತ್ತದೆ. ಸೋನೋಬಸ್‌ನಲ್ಲಿ ಪ್ರತಿಯೊಬ್ಬರೂ ಉಳಿದ ಎಲ್ಲರಿಗೂ ನೇರ ಕಳಿಸುತ್ತಾರೆ. ಇಬ್ಬರು ಮೂವರಿದ್ದರೆ ಅದು ಚೆನ್ನ. ನಾಲ್ಕೈದು ಜನರ ಬ್ಯಾಂಡ್‌ಗೆ ನಾನು ಜಾಮ್ಯುಲಸ್ ಹೇಳುತ್ತೇನೆ. ಎಲ್ಲರ ಸದ್ದೂ ಒಂದು ಸರ್ವರ್‌ಗೆ ಹೋಗಿ, ಮಿಕ್ಸ್ ಆಗಿ ವಾಪಸ್ ಬರುತ್ತದೆ. ಸರ್ವರ್ ಎಲ್ಲರಿಗೂ ಹತ್ತಿರವಿರುವ ಜಾಗದಲ್ಲಿರಲಿ. ಒಬ್ಬರ ಪಿಂಗ್ 5, ಇನ್ನೊಬ್ಬರದು 50 ಅಂತ ಇದ್ದರೆ ಆ ಇನ್ನೊಬ್ಬರು ಎಷ್ಟು ಚೆನ್ನಾಗಿ ನುಡಿಸಿದರೂ ಪೇಚಾಡುತ್ತಾರೆ.

ಇಷ್ಟು ಮಾಡಿದರೂ ಹಾಡು ನಿಧಾನವಾಗುತ್ತಾ ಹೋಗಬಹುದು. ಇಲ್ಲಿಂದ ಮುಂದಿನದು ನುಡಿಸುವವರ ಕೈಯಲ್ಲಿದೆ. ನನಗೆ ಮುಖ್ಯ ಅನಿಸುವುದೂ ಇದೇ.

ಹಾಡಿನ ವೇಗ 120 ಬಿಪಿಎಂ (ನಿಮಿಷಕ್ಕೆ 120 ಬೀಟ್), ಅಂದರೆ ಒಂದು ಬೀಟ್‌ಗೆ 500 ಮಿಲಿಸೆಕೆಂಡ್. ಡ್ರಮ್ಮರ್ ಹೊಡೆದದ್ದು ಗಿಟಾರಿಸ್ಟ್‌ಗೆ 30 ಮಿಲಿಸೆಕೆಂಡ್ ತಡವಾಗಿ ಕೇಳುತ್ತದೆ. ಅವರು ಅದಕ್ಕೆ ಸರಿಯಾಗಿಯೇ ನುಡಿಸುತ್ತಾರೆ. ಆ ಸದ್ದು ಡ್ರಮ್ಮರ್‌ಗೆ ವಾಪಸ್ ಬರುವಾಗ ಒಟ್ಟು 60 ತಡವಾಗಿರುತ್ತದೆ. "ಗಿಟಾರ್ ಹಿಂದೆ ಬೀಳ್ತಿದೆ, ಸ್ವಲ್ಪ ಕಾಯೋಣ" ಅಂತ ಡ್ರಮ್ಮರ್ ಮುಂದಿನ ಏಟನ್ನು ತಡೆಯುತ್ತಾರೆ. ಪೂರ್ತಿ 60 ಕಾದರೆ ಬೀಟ್ 560ಕ್ಕೆ ಹಿಗ್ಗಿತು, ವೇಗ 107ಕ್ಕೆ ಇಳಿಯಿತು. ಪೂರ್ತಿ ಯಾರೂ ಕಾಯುವುದಿಲ್ಲ, ನಿಜ. ಆದರೆ ಪ್ರತಿ ಬೀಟ್‌ನಲ್ಲೂ ಒಂದಿಷ್ಟು ಕಾಯುತ್ತಾರೆ, ಹಾಡು ಮುಗಿಯುವ ಹೊತ್ತಿಗೆ ಅದು ಬೇರೆಯೇ ಹಾಡಾಗಿರುತ್ತದೆ. ಒಬ್ಬರ ಮಾತು ಒಬ್ಬರು ಕೇಳುವ ಒಳ್ಳೆಯ ಬ್ಯಾಂಡ್‌ಗಳಲ್ಲೇ ಇದು ಜಾಸ್ತಿ. ಅವರಿಗೆ ಕಾಯುವುದು ರಕ್ತದಲ್ಲೇ ಇದೆ.

ಹಾಗಾಗಿ ತಾಳ ಹಿಡಿಯಲು ಒಬ್ಬರನ್ನು ಗೊತ್ತು ಮಾಡಿ. ಸಾಮಾನ್ಯವಾಗಿ ಡ್ರಮ್ಮರ್. ಅವರು ಯಾರಿಗೂ ಕಾಯಬಾರದು. ಅವರ ಹೆಡ್‌ಫೋನ್‌ನಲ್ಲಿ ಉಳಿದವರ ಸದ್ದು ತಗ್ಗಿಸಿ, ಹಾಡಿನ ಯಾವ ಭಾಗದಲ್ಲಿದ್ದೇವೆ ಅಂತ ಗೊತ್ತಾಗುವಷ್ಟು ಕೇಳಿಸಿದರೆ ಸಾಕು. ಉಳಿದವರು ಡ್ರಮ್ ಜೋರಾಗಿ ಇಟ್ಟುಕೊಂಡು ಅದನ್ನೇ ಹಿಡಿಯಲಿ. ಪ್ರತಿಯೊಬ್ಬರೂ ತಮ್ಮ ತಮ್ಮ ಮೆಟ್ರೋನೋಮ್ ಹಾಕಿಕೊಳ್ಳುವುದು ಸುಮ್ನೆ, ಅವು ಒಂದಕ್ಕೊಂದು ಹೊಂದುವುದಿಲ್ಲ.

ಜಾಮ್ಯುಲಸ್‌ನಲ್ಲಿ ಇನ್ನೊಂದು ಶಿಸ್ತು ಬೇಕು. ನಿಮ್ಮ ವಾದ್ಯವನ್ನೂ ನೀವು ಸರ್ವರ್‌ನಿಂದ ವಾಪಸ್ ಬಂದಂತೆಯೇ ಕೇಳಬೇಕು. ಇಂಟರ್‌ಫೇಸ್‌ನ ಡೈರೆಕ್ಟ್ ಮಾನಿಟರ್ (ನಿಮ್ಮ ಸದ್ದನ್ನು ನೇರ ನಿಮ್ಮ ಕಿವಿಗೇ ಕೊಡುವ ಸೌಲಭ್ಯ) ಆಫ್ ಮಾಡಿ. ಆಗ ನಿಮ್ಮ ಬೆರಳು ನಿಮಗೆ ಕೇಳುವ ಸದ್ದಿಗಿಂತ ತುಸು ಮುಂದೆ ಓಡುತ್ತದೆ, ಮಿಕ್ಸ್‌ನಲ್ಲಿ ಮಾತ್ರ ಎಲ್ಲರೂ ಒಟ್ಟಿಗೆ ಬೀಳುತ್ತೀರಿ. ಮೊದಮೊದಲು ಇರಿಸುಮುರಿಸಾಗುತ್ತದೆ. ದೊಡ್ಡ ಪೈಪ್ ಆರ್ಗನ್ ನುಡಿಸುವವರು ಇದನ್ನೇ ಮಾಡುತ್ತಾರೆ, ಒಗ್ಗಿಕೊಳ್ಳಲು ಸಾಧ್ಯವಿದೆ.

ಹಾಡುವವರಿಗೆ ಈ ನಿಯಮ ನಾನು ಹೇರುವುದಿಲ್ಲ. ತಮ್ಮ ದನಿ ತಮ್ಮ ತಲೆಯೊಳಗೇ ಕೇಳುತ್ತಿರುವಾಗ ಅದೇ ದನಿ ಇನ್ನೊಮ್ಮೆ ತಡವಾಗಿ ಬಂದರೆ ಶ್ರುತಿಯೇ ಜಾರುತ್ತದೆ. ಅವರ ಹೆಡ್‌ಫೋನ್‌ನಲ್ಲಿ ಸರ್ವರ್‌ನಿಂದ ಬರುವ ಅವರದೇ ದನಿ ತಗ್ಗಿಸಿ, ಕೂಡಲೇ ಕೇಳುವುದೇ ಅವರಿಗೆ ಸಿಗಲಿ. ದನಿ ತಾಳಕ್ಕಿಂತ ಕೂದಲೆಳೆಯಷ್ಟು ಹಿಂದೆ ಕೂತರೆ ಕಿವಿ ಸಹಿಸುತ್ತದೆ, ಬಾಸ್ ಕೂತರೆ ಸಹಿಸುವುದಿಲ್ಲ. ಕೋಣೆಯಲ್ಲೇ ನೇರ ಕೇಳುವ ಅಕೌಸ್ಟಿಕ್ ಡ್ರಮ್‌ಗೂ ಇದೇ ಕಷ್ಟ. ಎಲೆಕ್ಟ್ರಾನಿಕ್ ಡ್ರಮ್ ಸಿಕ್ಕರೆ ಅರ್ಧ ಚಿಂತೆ ಕಳೆಯಿತು.

ಹಾಡನ್ನೂ ಆರಿಸಿಕೊಳ್ಳಿ. 160 ಬಿಪಿಎಂನಲ್ಲಿ ಹದಿನಾರನೇ ಸ್ವರ (ಬೀಟ್‌ನ ಕಾಲು ಭಾಗ) 94 ಮಿಲಿಸೆಕೆಂಡ್ ಮಾತ್ರ, ಅದರಲ್ಲಿ 30 ಅಂದರೆ ಮೂರನೇ ಒಂದು ಪಾಲು. ಇಬ್ಬರು ಗಿಟಾರಿಸ್ಟ್‌ಗಳು ವೇಗವಾದ ಒಂದೇ ರಿಫ್ (ಮರಳಿ ಮರಳಿ ಬರುವ ಚಿಕ್ಕ ತುಣುಕು) ನುಡಿಸುವ ಹಾಡನ್ನು ನೇರ ಭೇಟಿಗೆ ಇಟ್ಟುಕೊಳ್ಳಿ. ಕೊನೆಯಲ್ಲಿ ನಿಧಾನವಾಗಿ ನಿಲ್ಲಿಸುವ ಹಾಡುಗಳನ್ನೂ. ಅದಕ್ಕೆ ಮುಖ ನೋಡಬೇಕು, ಇಲ್ಲಿ ವಿಡಿಯೋ ಯಾವಾಗಲೂ ಸದ್ದಿಗಿಂತ ಹಿಂದೆ. ನುಡಿಸುವಾಗ ವಿಡಿಯೋ ಆಫ್ ಮಾಡಿ, ಸನ್ನೆಯ ಬದಲು ಬಾಯಲ್ಲಿ ಎಣಿಸಿ. ಅದಕ್ಕಾಗಿ ಡ್ರಮ್ಮರ್ ಮುಂದೆಯೂ, ಬಾಸ್ ಮುಂದೆಯೂ ಒಂದೊಂದು ಮಾತಿನ ಮೈಕ್ ಇರಲಿ.

ಎಷ್ಟು ಮಾಡಿದರೂ ತಡ 50ರ ಕೆಳಗೆ ಬರುವುದಿಲ್ಲ ಅನ್ನುವವರಿಗೆ ನಿಂಜಾಮ್ ಇದೆ. 2005ರಲ್ಲಿ ಬಂದದ್ದು. ಅದು ತಡವನ್ನು ಇನ್ನೂ ಹಿಗ್ಗಿಸಿ ತಾಳದ ಪೂರ್ತಿ ಒಂದು ಸುತ್ತು ಮಾಡುತ್ತದೆ. ಉಳಿದವರು ಹಿಂದಿನ ಸುತ್ತಿನಲ್ಲಿ ನುಡಿಸಿದ್ದರ ಮೇಲೆ ನೀವು ಈಗ ನುಡಿಸುತ್ತೀರಿ. ಒಂದೇ ಸ್ವರಮೇಳದ (ಕಾರ್ಡ್) ಸಾಲು ಮರಳಿ ಮರಳಿ ಬರುವ ಜಾಮ್‌ಗೆ ಸೊಗಸಾಗಿದೆ. ಪಲ್ಲವಿ, ಚರಣ ಅಂತ ಬದಲಾಗುವ ಹಾಡಿಗೆ ನಾನು ಅದನ್ನು ಹೇಳುವುದಿಲ್ಲ.

ಜಾಮ್ಯುಲಸ್ ಸರ್ವರ್ ನಿಮ್ಮದೇ ಆಗಿದ್ದರೆ ಪ್ರತಿಯೊಬ್ಬರದನ್ನೂ ಬೇರೆ ಬೇರೆ ಟ್ರ್ಯಾಕ್ ಆಗಿ ರೆಕಾರ್ಡ್ ಮಾಡಬಹುದು. ಆಮೇಲೆ ಡ್ರಮ್, ಬಾಸ್ ಎರಡನ್ನೇ ಇಟ್ಟುಕೊಂಡು ಕೇಳಿ. ಮೊದಲ ಪಲ್ಲವಿಯ ಬಿಪಿಎಂ, ಕೊನೆಯ ಪಲ್ಲವಿಯ ಬಿಪಿಎಂ ಎರಡನ್ನೂ ಬರೆದುಕೊಳ್ಳಿ. ಇಳಿದಿದ್ದರೆ ಮುಂದಿನ ರಿಹರ್ಸಲ್‌ನಲ್ಲಿ ಡ್ರಮ್ಮರ್ ಕಿವಿಗೆ ಬಾಸ್ ಇನ್ನೊಂದಿಷ್ಟು ಕಡಿಮೆ ಮಾಡಿ, ಅದೇ ಹಾಡನ್ನು ಮೊದಲು ನುಡಿಸಿ.