ಪಾರ್ಸೆಲಿನಲ್ಲಿ ಬರುವ ಮಾಟ: ಡಬ್ಬಿಯೊಳಗಿನದು ಬೇರಲ್ಲ, ಉಡ

ಬೆಳ್ಳಿ ಬಣ್ಣದ ಪುಟ್ಟ ಡಬ್ಬಿ. ಮುಚ್ಚಳ ತೆಗೆದರೆ ಸಿಂಧೂರ, ಅದರೊಳಗೆ ನಾಲ್ಕೈದು ಲವಂಗ, ಒಂದೆರಡು ಏಲಕ್ಕಿ. ಸಿಂಧೂರ ಸರಿಸಿದರೆ ಒಣಗಿ ಕಪ್ಪಾದ, ಮುಗಿದ ಎರಡು ಕೈಗಳಂತೆ ಕಾಣುವ ಒಂದು ವಸ್ತು. ತುದಿಯಲ್ಲಿ ಬೆರಳು ಮಡಚಿದ ಹಾಗೆ ನೆರಿಗೆಗಳು. ಇದಕ್ಕೆ ಹತ್ತಾಜೋಡಿ ಎಂದು ಹೆಸರು. ವಿಂಧ್ಯದ ಕಾಡಿನಲ್ಲಿ ಸಿಗುವ ಅಪರೂಪದ ಬೇರು, ತಿಜೋರಿಯಲ್ಲಿಟ್ಟರೆ ಹಣ ನಿಲ್ಲುತ್ತದೆ, ಕೋರ್ಟು ಕೇಸು ಗೆಲ್ಲುತ್ತದೆ, ಮಾಟ ಮಾಡಿದವರಿಗೇ ಮಾಟ ತಿರುಗುತ್ತದೆ ಎಂದು ಹೇಳಿ ಮೊಬೈಲಿನಲ್ಲಿ ಮಾರುತ್ತಾರೆ. ಆರ್ಡರ್ ಮಾಡಿದರೆ ಮಡಿಕೇರಿಗೂ ಬರುತ್ತದೆ, ಗೋಣಿಕೊಪ್ಪಕ್ಕೂ ಬರುತ್ತದೆ. ಪಾರ್ಸೆಲಿನ ಮೇಲೆ ‘ಪೂಜಾ ಸಾಮಗ್ರಿ’ ಎಂದಷ್ಟೇ ಇರುತ್ತದೆ.

ಅದು ಬೇರಲ್ಲ. ಗಂಡು ಉಡದ ಒಣಗಿಸಿದ ಜನನಾಂಗ. ಹಲ್ಲಿ, ಹಾವು, ಉಡಗಳಲ್ಲಿ ಗಂಡಿನ ಜನನಾಂಗ ಜೋಡಿಯಾಗಿರುತ್ತದೆ, ಬಾಲದ ಬುಡದೊಳಗೆ ಮಡಚಿಕೊಂಡಿರುತ್ತದೆ. ಹೊರಗೆ ಬಂದಾಗ ಎರಡು ಕವಲಾಗಿ ಕಾಣುತ್ತದೆ. ಕೈಮುಗಿದಂತಹ ಆಕಾರ ಬಂದದ್ದು ಅಲ್ಲಿಂದ. ಜೀವಂತ ಉಡದ ಆ ಭಾಗಕ್ಕೆ ಬೆಂಕಿಯ ಕಾವು ಕೊಟ್ಟು, ಅಂಗ ಹೊರಚಾಚಿದಾಗ ಕತ್ತರಿಸುತ್ತಾರೆ. ಉಡವನ್ನು ಹೊರಗಿನಿಂದ ನೋಡಿ ಗಂಡೋ ಹೆಣ್ಣೋ ಎಂದು ಹೇಳುವುದು ಕಷ್ಟ, ಹಾಗಾಗಿ ಸಿಕ್ಕಿದ್ದನ್ನೆಲ್ಲ ಹಿಡಿಯುವವರ ಕೈಯಲ್ಲಿ ಹೆಣ್ಣುಗಳೂ ಸಾಯುತ್ತವೆ. ಭಾರತದ ಹತ್ತಾಜೋಡಿ ವ್ಯಾಪಾರ ಹೀಗೆ ನಡೆಯುತ್ತಿದೆ ಎಂಬುದು 2017ರಲ್ಲಿ ತನಿಖೆಗಳಿಂದ ಬೆಳಕಿಗೆ ಬಂತು. ದೊಡ್ಡ ಆನ್‌ಲೈನ್ ಅಂಗಡಿಗಳಲ್ಲೇ ಅದು ಬೇರಿನ ಹೆಸರಿನಲ್ಲಿ ಮಾರಾಟಕ್ಕಿತ್ತು.

ಮಾರುವವರು ಹೇಳುವ ಗಿಡ ಮಾರ್ಟೀನಿಯಾ ಆನುವಾ. ಅದು ಇರುವುದು ನಿಜ. ಅದರ ಒಣಕಾಯಿಗೆ ಉಗುರಿನಂತೆ ಬಾಗಿದ ಎರಡು ಕೊಕ್ಕೆ ಇರುವುದರಿಂದ ಹುಲಿಯುಗುರಿಗೆ ಹೋಲಿಸುತ್ತಾರೆ. ಆದರೆ ಅದರ ತವರು ಮೆಕ್ಸಿಕೋ, ಮಧ್ಯ ಅಮೆರಿಕ. ನಮ್ಮ ದೇಶಕ್ಕೆ ಹೊರಗಿನಿಂದ ಬಂದ ಕಳೆ ಅದು. ‘ಸಾವಿರಾರು ವರ್ಷಗಳ ತಂತ್ರಶಾಸ್ತ್ರದಲ್ಲಿ ಈ ಬೇರಿನ ಉಲ್ಲೇಖವಿದೆ’ ಎಂಬ ಮಾತು ಅಲ್ಲಿಗೇ ಬಿದ್ದುಹೋಗುತ್ತದೆ.

ಗುರುತಿಸುವುದು ಹೇಗೆ? ಬೇರನ್ನು ಅಡ್ಡ ಸೀಳಿದರೆ ನಾರು, ತೊಗಟೆ ಕಾಣುತ್ತದೆ. ಇದರಲ್ಲಿ ಒಣಮಾಂಸದ ಪದರ ಕಾಣುತ್ತದೆ. ಉಡದ ಈ ಅಂಗದ ತುದಿಯಲ್ಲಿ ಸುಣ್ಣಗಟ್ಟಿದ ಗಟ್ಟಿ ಭಾಗ ಇರುವುದರಿಂದ ಎಕ್ಸ್‌ರೇಯಲ್ಲಿ ಬಿಳಿಯಾಗಿ ಮೂಡುತ್ತದೆ, ಬೇರಿನಲ್ಲಿ ಅಂಥದ್ದೇನೂ ಮೂಡುವುದಿಲ್ಲ. ಕಡೆಯ ಮಾತು ಡಿಎನ್‌ಎ ಪರೀಕ್ಷೆಯದು, ಅದು ಪ್ರಯೋಗಾಲಯದ ಕೆಲಸ. ಹಾಗೆಂದು ನೀವೇ ಸೀಳಿ ನೋಡಲು ಹೋಗಬೇಡಿ, ಅದು ಸಾಕ್ಷ್ಯ. ಕೊಡಗಿನಲ್ಲಿ ಸೀಳುವ ಅಗತ್ಯವೂ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಮ್ಮ ತೇವದಲ್ಲಿ ಒಣಗಿದ ಮಾಂಸ ನೀರು ಹೀರಿ ಮೆತ್ತಗಾಗುತ್ತದೆ, ಬೂಷ್ಟು ಹಿಡಿಯುತ್ತದೆ, ಒಣಮೀನಿನಂತೆ ನಾರುತ್ತದೆ. ಗಿಡದ ಬೇರು ಬೂಷ್ಟು ಹಿಡಿದೀತು, ಹಾಗೆ ನಾರುವುದಿಲ್ಲ. ಲವಂಗ, ಏಲಕ್ಕಿ ಹಾಕಿ ಎಳ್ಳೆಣ್ಣೆ ಸವರಲು ಹೇಳುವುದನ್ನು ಪೂಜೆಯ ವಿಧಿ ಎಂದುಕೊಳ್ಳುತ್ತೇವೆ. ವಾಸನೆ ಮುಚ್ಚುವುದಕ್ಕೂ ಹುಳ ಬಾರದಿರುವುದಕ್ಕೂ ಅದು ಸಾಕಾಗುತ್ತದೆ. ಸಿಂಧೂರ ಮೇಲ್ಮೈಯನ್ನು ಮರೆಮಾಡುತ್ತದೆ. ಅಗ್ಗದ ಸಿಂಧೂರದಲ್ಲಿ ಸೀಸ ಅಥವಾ ಪಾದರಸದ ಸಂಯುಕ್ತ ಇರಬಹುದು, ಆದ್ದರಿಂದ ಡಬ್ಬಿ ಮಕ್ಕಳ ಕೈಗೆ ಸಿಗಲೇಬಾರದು.

ಇನ್ನೊಂದು ಬಗೆಯೂ ಬರುತ್ತದೆ: ಉಡದ ಅಂಗವನ್ನೇ ಅಚ್ಚಿಗೆ ಬಳಸಿ ಎರಕಹೊಯ್ದ ಪ್ಲಾಸ್ಟಿಕ್. ಎರಡು ಪೀಸ್ ಪಕ್ಕಪಕ್ಕ ಇಟ್ಟರೆ ನೆರಿಗೆ ನೆರಿಗೆಯೂ ಒಂದೇ ಆಗಿರುತ್ತದೆ, ಅಂಚಿನಲ್ಲಿ ಅಚ್ಚಿನ ಗೆರೆ ಇರುತ್ತದೆ. ಮೋಸಹೋದವರು ದೂರು ಕೊಡುವುದಿಲ್ಲ. ಮಾಟದ ಸಾಮಾನು ತರಿಸಿದೆವೆಂದು ನಾಲ್ಕು ಜನರ ಮುಂದೆ ಹೇಳುವುದಕ್ಕೆ ನಾಚಿಕೆ. ಇದು ಪ್ರಾಣಿಯ ಅಂಗ ಎಂದು ಆಮೇಲೆ ತಿಳಿದವರಿಗೆ ಹೆದರಿಕೆ. ಈ ವ್ಯಾಪಾರ ನಿಂತಿರುವುದೇ ಕೊಂಡವರ ಈ ಮೌನದ ಮೇಲೆ.

ಮಾಟ, ಮಂತ್ರ, ಕಣಿ, ತಾಯಿತ ಕೊಡಗಿಗೆ ಹೊಸದಲ್ಲ. ಚಾಮುಂಡಿ, ಗುಳಿಗ, ಕುಟ್ಟಿಚಾತ ಎಂಬ ದೈವಗಳಿಗೆ ನಡೆದುಕೊಳ್ಳುವ ಮನೆಗಳು ಇಲ್ಲಿವೆ. ಅವರ ನಂಬಿಕೆಯನ್ನು ಹಳಿಯುವುದು ಈ ಬರಹದ ಕೆಲಸವಲ್ಲ. ಆದರೆ ಹಳೆಯ ಪದ್ಧತಿಯಲ್ಲಿದ್ದ ಒಂದು ಗುಣವನ್ನು ಈ ಹೊಸ ವ್ಯಾಪಾರ ಕೊಂದುಹಾಕಿದೆ. ಅದು ಬದಲಿ ಒಪ್ಪುವ ಗುಣ. ರಕ್ತದ ಬದಲು ಕುಂಕುಮ ತುಂಬಿದ ಬೂದುಗುಂಬಳ, ತಲೆಯ ಬದಲು ತೆಂಗಿನಕಾಯಿ, ಒದಗದ ಆಭರಣದ ಬದಲು ಒಂದು ಹಿಡಿ ಅಕ್ಷತೆ. ನಮ್ಮ ಅಯ್ಯಪ್ಪನ ಕಾಡುಗಳಲ್ಲಿ ಬೇಟೆಯ ದೇವರಿಗೆ ಹರಕೆಯಾಗಿ ಸಂದಿರುವುದು ಮಣ್ಣಿನ ನಾಯಿಗಳು. ಜಿಲ್ಲೆಯಲ್ಲಿ 1,214 ದೇವರಕಾಡುಗಳಿವೆ ಎಂದು ಲೆಕ್ಕ ಹೇಳುತ್ತಾರೆ. ಅಲ್ಲಿ ಕತ್ತಿ ಆಡಬಾರದು ಎಂಬ ಹೆದರಿಕೆಯೂ ಇದೇ ನಂಬಿಕೆಯ ಕೂಸು. ಊರಿನ ಮಂತ್ರವಾದಿ ಕೇಳುತ್ತಿದ್ದದ್ದು ನಿಂಬೆಹಣ್ಣು, ಕರಿದಾರ, ಬೂದಿ, ಹೆಚ್ಚೆಂದರೆ ಒಂದು ಕೋಳಿ. ಅಂಗಡಿಗೆ ಇದು ಸಾಲದು. ನಿಂಬೆಹಣ್ಣಿಗೆ ಸಾವಿರ ರೂಪಾಯಿ ಕೇಳಲಾಗುವುದಿಲ್ಲ. ಬೆಲೆ ಬರಬೇಕಾದರೆ ವಸ್ತು ಅಪರೂಪವಾಗಬೇಕು, ‘ಅಸಲಿ’ ಆಗಬೇಕು. ಕಾಡಿನಲ್ಲಿ ಅಪರೂಪವಾದದ್ದು ಪ್ರಾಣಿ. ಉಡಕ್ಕೆ, ಕಾಡುಪಾಪಕ್ಕೆ, ಚಿಪ್ಪುಹಂದಿಗೆ ಬೇಡಿಕೆ ಏರುತ್ತಿರುವುದು ಈ ‘ಅಸಲಿ’ಯ ಲೆಕ್ಕಾಚಾರದಿಂದ.

ಕಾಡುಪಾಪ ನಮ್ಮ ಜಿಲ್ಲೆಯ ತೋಟಗಳಲ್ಲೂ ಇದೆ. ಇನ್ನೂರು ಗ್ರಾಂ ಆಸುಪಾಸು ತೂಗುವ, ರಾತ್ರಿ ಕೊಂಬೆಯಿಂದ ಕೊಂಬೆಗೆ ನಿಧಾನವಾಗಿ ನಡೆದು ಹುಳ ತಿನ್ನುವ ಜೀವ. ಅದರ ದೊಡ್ಡ ಕಣ್ಣುಗಳಿಗೆ ವಶೀಕರಣದ ಶಕ್ತಿ ಇದೆ, ಅದಕ್ಕೆ ಸೂಜಿ ಚುಚ್ಚಿದರೆ ಶತ್ರುವಿಗೆ ನೋವಾಗುತ್ತದೆ ಎಂದು ಹೇಳಿ ಜೀವಂತ ಮಾರುತ್ತಾರೆ. ಮಳೆಗೆ ಮುಂಚೆ ಮರಗಸಿ ಮಾಡುವಾಗ, ಅಂದರೆ ತೋಟದ ನೆರಳು ಮರಗಳ ಕೊಂಬೆ ಕಡಿಯುವಾಗ, ಕೊಂಬೆಯೊಂದಿಗೆ ಕೆಳಗೆ ಬೀಳುವುದುಂಟು. ಆಗ ಫೋಟೋ ತೆಗೆದು ಗ್ರೂಪಿಗೆ ಹಾಕಬೇಡಿ, ಗಿರಾಕಿಗೆ ಜಾಗ ತೋರಿಸಿದಂತಾಗುತ್ತದೆ. ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ ಒಂದು ಕೊಂಬೆ ಇಟ್ಟು, ಕತ್ತಲಲ್ಲಿ ಬಿಟ್ಟು, ಹಾಲು ಹಣ್ಣು ಏನೂ ತಿನ್ನಿಸದೆ ಅರಣ್ಯ ಇಲಾಖೆಯ 1926ಕ್ಕೆ ಕರೆ ಮಾಡಿ.

‘ನರಿ ಕೊಂಬು’ ಎಂಬುದು ಇನ್ನೊಂದು. ಕೊಡವರ ಭಾಷೆಯಾದ ಕೊಡವ ತಕ್ಕ್‌ನಲ್ಲಿ ನರಿ ಎಂದರೆ ಹುಲಿ, ಕನ್ನಡದ ನರಿ ಬೇರೆ. ಎರಡಕ್ಕೂ ಕೊಂಬಿಲ್ಲ. ಡಬ್ಬಿಯಲ್ಲಿ ಬರುವುದು ಕೂದಲಿರುವ ಚರ್ಮದ ತುಂಡಿಗೆ ಮೂಳೆಯನ್ನೋ ಉಗುರನ್ನೋ ಸೇರಿಸಿ ಹೊಲಿದ ಉಂಡೆ. ಆ ಚರ್ಮ ನಾಯಿಯದೂ ಆಗಿರಬಹುದು, ನರಿಯದೂ ಆಗಿರಬಹುದು. ನರಿಯದಾದರೆ ಅದೂ ಅಪರಾಧವೇ. ಚಿಪ್ಪುಹಂದಿಯ ಚಿಪ್ಪಂತೂ ನಮ್ಮ ಉಗುರಿನಲ್ಲಿರುವ ಕೆರಾಟಿನ್ನೇ, ಅದಕ್ಕಿಂತ ಹೆಚ್ಚಿನದು ಅದರಲ್ಲಿ ಏನೂ ಇಲ್ಲ.

ಇನ್ನು ಕಾನೂನು. ಉಡ, ಕಾಡುಪಾಪ, ಚಿಪ್ಪುಹಂದಿ ಮೂರೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 1ನೇ ಅನುಸೂಚಿಯಲ್ಲಿವೆ, ಅಂದರೆ ಹುಲಿಯ ಸಾಲಿನಲ್ಲೇ. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. 51ನೇ ಕಲಂ ಪ್ರಕಾರ ಶಿಕ್ಷೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು, ಜೊತೆಗೆ 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ. 52ನೇ ಕಲಂ ಪ್ರಕಾರ ಪ್ರಯತ್ನಪಟ್ಟವರು, ಕುಮ್ಮಕ್ಕು ಕೊಟ್ಟವರು ಕೂಡ ಅಪರಾಧ ಮಾಡಿದವರೇ. ‘ನೋಡಪ್ಪಾ, ಒಂದು ಉಡ ಸಿಕ್ಕರೆ ತಿಳಿಸು’ ಎಂದು ಲೈನ್ ಮನೆಯ ಕಾರ್ಮಿಕರಿಗೆ ಹೇಳುವ ತೋಟದ ಮಾಲೀಕರು ಇದನ್ನು ನೆನಪಿಡಬೇಕು. ಸಿಕ್ಕಿಬೀಳುವುದು ಮಾತ್ರ ಹೆಚ್ಚಾಗಿ ಹಿಡಿದುಕೊಟ್ಟ ಕಾರ್ಮಿಕ. ಡಬ್ಬಿ ಮಾರಿದವನ ಹೆಸರೂ ಅವನಿಗೆ ಗೊತ್ತಿರುವುದಿಲ್ಲ.

ಹೆಚ್ಚು ಜನ ಎಡವುವುದು 57ನೇ ಕಲಮಿನಲ್ಲಿ. ವಸ್ತು ನಿಮ್ಮ ವಶದಲ್ಲಿತ್ತು ಎಂದು ಸಾಬೀತಾದರೆ, ಅದು ಅಕ್ರಮ ವಶವಲ್ಲ ಎಂದು ತೋರಿಸುವ ಹೊಣೆ ನಿಮ್ಮದಾಗುತ್ತದೆ. ‘ಬೇರು ಅಂದುಕೊಂಡಿದ್ದೆ’ ಎಂಬ ವಾದಕ್ಕೆ ಬೆಲೆ ಇದೆ, ಆದರೆ ಬಾಯಿಮಾತಾದರೆ ನಿಲ್ಲುವುದಿಲ್ಲ. ಮಾರಾಟದ ಪುಟದಲ್ಲಿ ಬೇರು ಎಂದೇ ಬರೆದಿತ್ತು ಎಂಬ ಸ್ಕ್ರೀನ್‌ಶಾಟ್, ಬಿಲ್ಲು, ಹಣ ಕಳಿಸಿದ ದಾಖಲೆ ಇದ್ದರೆ ನಿಲ್ಲುತ್ತದೆ. ಮಾರುವವರು ಪುಟವನ್ನು ಯಾವಾಗ ಬೇಕಾದರೂ ಅಳಿಸುತ್ತಾರೆ. ಆದ್ದರಿಂದ ವಿಷಯ ತಿಳಿದ ಕ್ಷಣವೇ ಮೊದಲ ಕೆಲಸ ಸ್ಕ್ರೀನ್‌ಶಾಟ್.

ಎರಡನೆಯದು 48 ಗಂಟೆಯ ಲೆಕ್ಕ. 39ನೇ ಕಲಂ ಪ್ರಕಾರ ಇಂಥ ವಸ್ತು ಸರ್ಕಾರದ ಸ್ವತ್ತು. ಕೈಗೆ ಬಂದವರು 48 ಗಂಟೆಯೊಳಗೆ ಹತ್ತಿರದ ಪೊಲೀಸ್ ಠಾಣೆಗೆ ಅಥವಾ ಅಧಿಕಾರ ಪಡೆದ ಅರಣ್ಯಾಧಿಕಾರಿಗೆ ತಿಳಿಸಬೇಕು. ಅವಧಿ ದಾಟಿದ್ದರೂ ತಿಳಿಸುವುದೇ ಮೇಲು, ಒಬ್ಬ ವಕೀಲರ ಜೊತೆ ಹೋಗಿ. ತಿಳಿಸಿದ ಮಾತ್ರಕ್ಕೆ ವಿನಾಯಿತಿ ಸಿಗುತ್ತದೆ ಎಂಬ ಭರವಸೆ ಕಾಯ್ದೆಯಲ್ಲಿಲ್ಲ. ಆದರೆ ತಾನಾಗಿ ಬಂದು ಒಪ್ಪಿಸಿದವರನ್ನೂ ಬಚ್ಚಿಟ್ಟು ಸಿಕ್ಕಿಬಿದ್ದವರನ್ನೂ ನ್ಯಾಯಾಲಯ ಒಂದೇ ಕಣ್ಣಿನಿಂದ ನೋಡುವುದಿಲ್ಲ.

ಮಾಡಬಾರದ್ದನ್ನು ಜನ ಸಾಮಾನ್ಯವಾಗಿ ಮೊದಲು ಮಾಡುತ್ತಾರೆ. ಕಾವೇರಿಗೆ ಬಿಡುತ್ತಾರೆ, ಒಲೆಗೆ ಹಾಕುತ್ತಾರೆ. ಅದು ಸಾಕ್ಷ್ಯನಾಶ. ಬೇರೆಯವರಿಗೆ ಕೊಟ್ಟುಬಿಡುತ್ತಾರೆ. ಅದು ವರ್ಗಾವಣೆ, ಹೊಸ ಅಪರಾಧ. ಮಾರಿದವರಿಗೇ ಕೊರಿಯರ್ ಮಾಡುತ್ತಾರೆ. ಅದು ಸಾಗಣೆ. ಡಬ್ಬಿಯನ್ನು ಬಂದ ಹಾಗೇ, ಹೊರಗಿನ ಕವರ್ ಸಮೇತ, ಸಿಂಧೂರವನ್ನೂ ತೊಳೆಯದೆ ಇಡಿ. ಕವರಿನ ಮೇಲಿನ ಟ್ರ್ಯಾಕಿಂಗ್ ನಂಬರಿನಿಂದ ಕಳಿಸಿದ ಊರು ಸಿಗುತ್ತದೆ, ಯುಪಿಐ ವಹಿವಾಟಿನ 12 ಅಂಕಿಯ ಸಂಖ್ಯೆಯಿಂದ ಖಾತೆ ಸಿಗುತ್ತದೆ. ತನಿಖೆ ಮಾರಿದವರವರೆಗೆ ತಲುಪುವುದು ಈ ಎರಡು ಸಂಖ್ಯೆಗಳಿಂದ.

ಡಬ್ಬಿಯಿಲ್ಲದೆ ಬರೀ ಪೂಜೆ ಮಾರುವವರ ಕ್ರಮ ಬೇರೆ. ವಶೀಕರಣ, ಮಾಟ ತೆಗೆಯುವುದು ಎಂಬ ಜಾಹೀರಾತು ನೋಡಿ ಫೋನ್ ಮಾಡಿದರೆ ಮೊದಲು ಸಣ್ಣ ಮೊತ್ತ, ‘ಜಾತಕ ನೋಡಲು’. ಆಮೇಲೆ ಸಾಮಗ್ರಿಗೆ. ಆಮೇಲೆ ‘ಅರ್ಧಕ್ಕೆ ನಿಲ್ಲಿಸಿದರೆ ನಿಮಗೇ ತಿರುಗುತ್ತದೆ’ ಎಂಬ ಹೆದರಿಕೆ. ಕಾಡುಪಾಪದ ಕಣ್ಣು, ಗೂಬೆಯ ಉಗುರು ಎಂಬ ಮಾತು ಈ ಹಂತದಲ್ಲಿ ಬರುತ್ತದೆ, ಏಕೆಂದರೆ ದೊಡ್ಡ ಮೊತ್ತಕ್ಕೆ ಒಂದು ಕಾರಣ ಬೇಕು. ಕೊನೆಗೆ ನೀವು ಕೊಟ್ಟ ಫೋಟೋ, ಹೆಸರು, ಮನೆಯ ಗುಟ್ಟುಗಳನ್ನೇ ಹಿಡಿದು ಬೆದರಿಕೆ. ಇಲ್ಲಿಗೆ ಅದು ಭಾರತೀಯ ನ್ಯಾಯ ಸಂಹಿತೆಯ 308ನೇ ಕಲಮಿನ ಸುಲಿಗೆ, ಅದಕ್ಕೂ ಹಿಂದಿನದು 318ರ ವಂಚನೆ. ಹಣ ಹೋದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇಗ ಮಾಡಿದಷ್ಟೂ ಖಾತೆಯಲ್ಲಿ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಕರ್ನಾಟಕದ ವಾಮಾಚಾರ ತಡೆ ಕಾಯ್ದೆ 2017ರದು, ಜಾರಿಗೆ ಬಂದದ್ದು 2020ರ ಜನವರಿಯಲ್ಲಿ. 1ರಿಂದ 7 ವರ್ಷ ಜೈಲು, 5,000ದಿಂದ 50,000 ರೂಪಾಯಿ ದಂಡ ಅದರಲ್ಲಿದೆ. ಆದರೆ ಜ್ಯೋತಿಷ್ಯ, ವಾಸ್ತು ಸಲಹೆಯನ್ನು ಅದು ಹೊರಗಿಟ್ಟಿದೆ, ಬೋರ್ಡಿನಲ್ಲಿ ‘ಜ್ಯೋತಿಷ್ಯಾಲಯ’ ಎಂದು ಬರೆಯಲು ಅದೂ ಒಂದು ಅನುಕೂಲ. ತಾಯಿತದಿಂದ ಕ್ಯಾನ್ಸರ್, ಸಕ್ಕರೆ ಕಾಯಿಲೆ ವಾಸಿ ಎಂದು ಜಾಹೀರಾತು ಕೊಟ್ಟರೆ ಮಾತ್ರ 1954ರ ಔಷಧ ಮತ್ತು ಮಾಂತ್ರಿಕ ಚಿಕಿತ್ಸೆ ಕಾಯ್ದೆ ನೇರವಾಗಿ ತಾಗುತ್ತದೆ. ಮೊದಲ ಸಲಕ್ಕೆ 6 ತಿಂಗಳವರೆಗೆ ಜೈಲು ಅಥವಾ ದಂಡ, ಅಥವಾ ಎರಡೂ.

ಒಪ್ಪಿಸುವ ಪತ್ರ ಒಂದು ಪುಟ ಸಾಕು, ವಲಯ ಅರಣ್ಯಾಧಿಕಾರಿಗೆ. ಯಾವ ದಿನ ಆರ್ಡರ್ ಮಾಡಿದಿರಿ, ಯಾವ ಹೆಸರಿನಲ್ಲಿ ಮಾರುತ್ತಿದ್ದರು, ಎಷ್ಟು ಕೊಟ್ಟಿರಿ, ಯಾವ ದಿನ ಪಾರ್ಸೆಲ್ ಬಂತು, ಅದು ಪ್ರಾಣಿಯ ಅಂಗವೆಂದು ಯಾವಾಗ ಹೇಗೆ ತಿಳಿಯಿತು, ಅಷ್ಟು. ‘ತಪ್ಪೊಪ್ಪಿಗೆ’ ಎಂಬ ತಲೆಬರಹ ಬೇಡ, ‘ಮಾಹಿತಿ ಮತ್ತು ವಸ್ತು ಒಪ್ಪಿಸುವಿಕೆ’ ಎಂದಿರಲಿ. ಎರಡು ಪ್ರತಿ ಒಯ್ಯಿರಿ. ಒಂದರ ಮೇಲೆ ದಿನಾಂಕ ಮತ್ತು ಗಂಟೆ ಸಹಿತ ಸ್ವೀಕೃತಿಯ ಸಹಿ, ಸೀಲು ಹಾಕಿಸಿಕೊಳ್ಳಿ. ಮಹಜರು ಬರೆದರೆ ಓದಿ, ಡಬ್ಬಿಯ ಬಣ್ಣ, ಒಳಗಿನ ಲವಂಗದ ಎಣಿಕೆ ಸರಿಯಿದೆಯೇ ನೋಡಿ ಸಹಿ ಮಾಡಿ.